ಐದನೆಯ ಪ್ರಾಂತ



ನಮ್ಮ ಸಂಘದ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವ ಯೋಜನೆಯ ನಕ್ಷೆ ಈಗಾಗಲೇ ಸದಸ್ಯರೆಲ್ಲರ ಕೈಸೇರಿದೆ. ಮುಂದಿನ ಮಹಾಸಭೆಯಲ್ಲಿ ಅದು ಮಂಜೂರಾತಿಗೆ ಬರಲಿದೆ. ಕಟ್ಟಡ ಸಮಿತಿಯ ಸದಸ್ಯನಾಗಿ ಆ ನಕ್ಷೆಗೆ ನಾನೂ ಸಹಿ ಹಾಕಿದ್ದೇನೆ. ಹಾಗಿದ್ದೂ ಅದರ ಬಗೆಗೆ ನನ್ನ ಅಭಿಪ್ರಾಯ ಈಗ ಬದಲಾಗಿದೆ. ಅದನ್ನು ಮರೆಮಾಚದೆ ನಿಮ್ಮ ಮುಂದಿಡುವುದು ಸಂಪಾದಕನಾದ ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಈ ಬದಲಾವಣೆಗೆ ಕಾರಣವಾದದ್ದು ದೂರದ ನಾಡೊಂದರಲ್ಲಿ ಬೇರೊಂದು ಜನ ಕಟ್ಟಿಕೊಂಡ ಮನೆ.

ಕಳೆದ ವರ್ಷ ರಜೆಯ ಮೇಲೆ ಮಗನ ಬಳಿಗೆಂದು ಅಮೆರಿಕದ ಶಿಕಾಗೊ ನಗರಕ್ಕೆ ಹೋಗಿದ್ದೆ. ಆ ನಗರದ ವಾಯವ್ಯ ಭಾಗದಲ್ಲಿ, ನಾಕ್ಸ್ ಅವೆನ್ಯೂ ಎಂಬ ರಸ್ತೆಯಲ್ಲಿ, ಐರಿಷ್ ಅಮೆರಿಕನ್ ಹೆರಿಟೇಜ್ ಸೆಂಟರ್ ಎಂಬ ಸಂಸ್ಥೆಯಿದೆ. ಐರ್ಲೆಂಡಿನಿಂದ ವಲಸೆ ಬಂದವರ ಮಕ್ಕಳು ಮೊಮ್ಮಕ್ಕಳು ನಡೆಸುವ ಸಂಘವದು. ಹೊರನಾಡಿನ ಸಂಘವೊಂದರಲ್ಲಿ ಬಹುಕಾಲ ದುಡಿದವನಿಗೆ ಇಂಥ ಹೆಸರು ಕಣ್ಣಿಗೆ ಬಿದ್ದರೆ ಒಳಗೆ ಹೋಗದೆ ಇರಲಾಗುವುದಿಲ್ಲ.

ಐರಿಷ್ ಜನ ಅಮೆರಿಕಕ್ಕೆ ಸುಖವನ್ನರಸಿ ಬಂದವರಲ್ಲ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ತಗುಲಿದ ಅಂಗಮಾರಿ ರೋಗ, ಆಳುವವರ ಉಪೇಕ್ಷೆಯೊಡನೆ ಸೇರಿ, ಏಳು ವರ್ಷಗಳ ಭೀಕರ ಕ್ಷಾಮವಾಯಿತು. 1841ರ ಜನಗಣತಿಯಲ್ಲಿ ಎಂಬತ್ತೊಂದು ಲಕ್ಷವಿದ್ದ ಆ ದ್ವೀಪದ ಜನರಲ್ಲಿ ಸುಮಾರು ಹತ್ತು ಲಕ್ಷ ಮಂದಿ ಸತ್ತರು. ಹತ್ತು ಲಕ್ಷಕ್ಕೂ ಮಿಕ್ಕಿದವರು ಹಡಗು ಹತ್ತಿದರು. ಬಂದವರು ಕಾಲುವೆ ತೋಡಿದರು, ರೈಲು ಹಳಿ ಹಾಕಿದರು, ಸಿರಿವಂತರ ಮನೆಗಳಲ್ಲಿ ಪಾತ್ರೆ ತೊಳೆದರು. ಅವರ ಸಂತತಿ ಪೊಲೀಸರಾಗಿ, ವಕೀಲರಾಗಿ, ಮೇಯರುಗಳಾಗಿ ಮೇಲೆ ಬಂದಿತು. 1961ರಲ್ಲಿ ಆ ವಂಶದ ಜಾನ್ ಕೆನೆಡಿ ರಾಷ್ಟ್ರಾಧ್ಯಕ್ಷರೇ ಆದರು.

ಗಮನಿಸಬೇಕಾದ ಸಂಗತಿಯೆಂದರೆ, ಶಿಕಾಗೊದ ಈ ಸಂಸ್ಥೆ ರೂಪುಗೊಂಡದ್ದು ಕಷ್ಟದ ಆ ದಿನಗಳಲ್ಲಲ್ಲ, 1976ರಲ್ಲಿ; ಹಸಿವು ನೀಗಿ, ಅವಮಾನ ನೀಗಿ, ಮಕ್ಕಳು ಪೂರ್ತಿಯಾಗಿ ಅಮೆರಿಕನ್ನರಾದ ಮೇಲೆ. ಪರಕೀಯರೆನಿಸಿಕೊಂಡಷ್ಟು ದಿನ ತಾವು ಯಾರೆಂಬುದನ್ನು ಅವರಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಒಪ್ಪಿತರಾದ ಮೇಲೆಯೇ ಮರೆವಿನ ಭಯ ಹುಟ್ಟಿತು ಎಂದು ನನಗೆ ತೋರುತ್ತದೆ. 1985ರಲ್ಲಿ ಅವರು ಮೇಫೇರ್ ಕಾಲೇಜಿನ ಹಳೆಯ ಕಟ್ಟಡವನ್ನು ಕೊಂಡರು. ಎಂಬತ್ತಾರು ಸಾವಿರ ಚದರಡಿಯ ಆ ಕಟ್ಟಡವನ್ನು ಸದಸ್ಯರೇ ಸ್ವಯಂಸೇವಕರಾಗಿ ದುಡಿದು ದುರಸ್ತಿ ಮಾಡಿದರು. ಇಂದು ಅಲ್ಲಿ ಗ್ರಂಥಾಲಯ, ವಸ್ತುಸಂಗ್ರಹಾಲಯ, ಕಲಾಶಾಲೆ, ರಂಗಮಂದಿರ ಎಲ್ಲವೂ ಇವೆ. ಮದುವೆ ಔತಣಗಳಿಗೆ ಬಾಡಿಗೆ ಕೊಡುವ ಸಭಾಂಗಣಗಳೂ ಇವೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವರು ಕೊಂಡದ್ದು ಕಾಲೇಜಾದ್ದರಿಂದ ಅಲ್ಲಿ ಮೊದಲಿನಿಂದಲೂ ಇದ್ದದ್ದು ತರಗತಿಯ ಕೋಣೆಗಳು. ಅವುಗಳಲ್ಲಿ ಈಗ ಮಕ್ಕಳು ಪಿಟೀಲು ಕಲಿಯುತ್ತಾರೆ, ಕುಣಿತ ಕಲಿಯುತ್ತಾರೆ.

ಶಿಕಾಗೊದ ಐರಿಷ್ ಸಂಗೀತವೆಂದ ಕೂಡಲೆ ಒಬ್ಬ ಸರಕಾರಿ ನೌಕರನನ್ನು ನೆನೆಯಬೇಕು. ಕಾರ್ಕ್ ಕೌಂಟಿಯ ಹಳ್ಳಿಯೊಂದರಲ್ಲಿ 1848ರಲ್ಲಿ, ಕ್ಷಾಮದ ನಡುವೆಯೇ, ಹುಟ್ಟಿದ ಫ್ರಾನ್ಸಿಸ್ ಓನೀಲ್ 1901ರಿಂದ 1905ರವರೆಗೆ ಆ ನಗರದ ಪೊಲೀಸ್ ಮುಖ್ಯಸ್ಥನಾಗಿದ್ದ. ಬಾಲ್ಯದಲ್ಲಿ ಕೇಳಿದ ಧಾಟಿಗಳು ಕೇಳಿದವರೊಡನೆಯೇ ಮಣ್ಣಾಗುತ್ತಿವೆಯೆಂದು ಅರಿತು, ವಲಸಿಗರ ನೆನಪಿನಿಂದ ಅವನ್ನು ಹೆಕ್ಕತೊಡಗಿದ. ಅವನಿಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಜೇಮ್ಸ್ ಓನೀಲ್ ಎಂಬ ಇನ್ನೊಬ್ಬ ಪೊಲೀಸನನ್ನು ಕೂರಿಸಿಕೊಂಡು ಬರೆಯಿಸಿದ. 1903ರಲ್ಲಿ ಪ್ರಕಟವಾದ ಅವನ ಸಂಗ್ರಹದಲ್ಲಿ 1,850 ಧಾಟಿಗಳಿದ್ದವು. ಐರ್ಲೆಂಡಿನ ಸಂಗೀತಗಾರರೇ ಅಂದಿನಿಂದ ಇಂದಿನವರೆಗೆ ಓನೀಲನ ಪುಸ್ತಕಗಳಿಗೆ ಋಣಿಗಳು. 1994ರಲ್ಲಿ ಡಬ್ಲಿನ್ನಿನ ವೇದಿಕೆಯೊಂದರಲ್ಲಿ 'ರಿವರ್‌ಡಾನ್ಸ್' ಮೊದಲ ಬಾರಿಗೆ ಪ್ರದರ್ಶಿತವಾಗಿ ಜಗತ್ತು ಬೆರಗಾದಾಗ, ಮುಂಚೂಣಿಯಲ್ಲಿದ್ದ ಮೈಕೆಲ್ ಫ್ಲ್ಯಾಟ್ಲಿ ಮತ್ತು ಜೀನ್ ಬಟ್ಲರ್ ಇಬ್ಬರೂ ಅಮೆರಿಕದಲ್ಲಿ ಹುಟ್ಟಿ ಬೆಳೆದವರೇ. ಫ್ಲ್ಯಾಟ್ಲಿಯಂತೂ ಶಿಕಾಗೊದವನು. ಒಳನಾಡು ಕೊಟ್ಟದ್ದನ್ನು ಹೊರನಾಡು ಬಡ್ಡಿಸಹಿತ ಹಿಂದಿರುಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಡ.

ಆದರೆ ಭಾಷೆಯ ಕಥೆ ಬೇರೆ. ಕ್ಷಾಮ ಹೆಚ್ಚಾಗಿ ಬಡಿದದ್ದು ಐರಿಷ್ ಭಾಷೆಯನ್ನಾಡುವ ಪಶ್ಚಿಮದ ಬಡವರನ್ನು. ಹಡಗಿಳಿದವರು ಹೊಟ್ಟೆಪಾಡಿಗೆ ಇಂಗ್ಲಿಷನ್ನು ಹಿಡಿದರು; ಮಕ್ಕಳಿಗೆ ತಾಯ್ನುಡಿಯನ್ನು ಕಲಿಸುವ ಗೋಜಿಗೆ ಹೋಗಲಿಲ್ಲ. 2020ರ ಅಮೆರಿಕದ ಜನಗಣತಿಯಲ್ಲಿ ಸುಮಾರು 3.86 ಕೋಟಿ ಜನ ತಮ್ಮದು ಐರಿಷ್ ಮೂಲವೆಂದು ಬರೆಸಿದ್ದಾರೆ. 2022ರ ಜನಗಣತಿಯಂತೆ ಐರ್ಲೆಂಡ್ ಗಣರಾಜ್ಯದಲ್ಲಿ ಶಾಲೆಯ ಹೊರಗೆ ದಿನನಿತ್ಯ ಐರಿಷ್ ಮಾತನಾಡುವವರು ಸುಮಾರು 72 ಸಾವಿರ. ಹೆಮ್ಮೆ ಕೋಟಿಗಳಲ್ಲಿದೆ, ಮಾತು ಸಾವಿರಗಳಲ್ಲಿ ಉಳಿದಿದೆ.

ಆ ಕೇಂದ್ರದಲ್ಲಿ ನಮಗೆ ಪುಸ್ತಕಗಳನ್ನು ತೋರಿಸಿದ ವೃದ್ಧ ಸ್ವಯಂಸೇವಕರೊಬ್ಬರು ತಮ್ಮ ಅಭ್ಯಾಸದ ಪುಸ್ತಕವನ್ನೂ ತೋರಿಸಿದರು. "ನನ್ನ ಅಜ್ಜಿ ಐರಿಷ್ ಆಡುತ್ತಿದ್ದಳು. ನನ್ನ ತಂದೆಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅದನ್ನು ಕಲಿಯುತ್ತಿದ್ದೇನೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹಿಂದಿರುಗುವಾಗ ದಾರಿಯಲ್ಲಿ ನನ್ನ ಮಗ ಬಹಳ ಹೊತ್ತು ಸುಮ್ಮನಿದ್ದು, "ಅಪ್ಪಾ, ನೀವು ಕಳಿಸುವ ಪತ್ರಿಕೆಯ ಚಿತ್ರಗಳನ್ನಷ್ಟೇ ನಾನು ನೋಡುವುದು" ಎಂದ. ಅವನು ಕನ್ನಡ ಚೆನ್ನಾಗಿಯೇ ಆಡುತ್ತಾನೆ. ಓದಲು ಬಾರದು. ವರ್ಗಾವಣೆಗಳ ನಡುವೆ ನಾಲ್ಕು ರಾಜ್ಯಗಳಲ್ಲಿ ಓದಿದ ಹುಡುಗನಿಗೆ ಗಣಿತದ ಟ್ಯೂಶನ್ ತಪ್ಪಿಸದ ನಾನು, ನಮ್ಮ ಸಂಘದಲ್ಲಿಯೇ ನಡೆಯುತ್ತಿದ್ದ ಭಾನುವಾರದ ಕನ್ನಡ ತರಗತಿಗೆ ಅವನನ್ನು ಕಳಿಸಲಿಲ್ಲ. ಮಕ್ಕಳಿಲ್ಲವೆಂದು ಆ ತರಗತಿ ನಿಂತುಹೋದಾಗ ಕಾರ್ಯಕಾರಿ ಸಮಿತಿಯಲ್ಲಿ ವಿಷಾದ ಸೂಚಿಸಿದವರಲ್ಲಿ ನಾನೂ ಒಬ್ಬ.

ಐರಿಷರಿಗೂ ಕನ್ನಡಕ್ಕೂ ಒಂದು ಹಳೆಯ ನಂಟಿದೆ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ತಾಯ್ನುಡಿಯಲ್ಲಿ ಬರೆಯಲು ಹೇಳಿದರು. ಕಸಿನ್ಸ್ ಸ್ವತಃ ಬರೆದದ್ದು ಇಂಗ್ಲಿಷಿನಲ್ಲಿ. ನುಡಿಯನ್ನು ಕಳೆದುಕೊಂಡ ನಾಡಿನವರಾದ್ದರಿಂದಲೇ ಆ ಮಾತನ್ನು ಅವರು ಅಷ್ಟು ನೇರವಾಗಿ ಹೇಳಬಲ್ಲವರಾಗಿದ್ದರೇನೋ. ಆ ಉಪದೇಶದ ಫಲವನ್ನು ಉಂಡವರು ನಾವು.

ಐರ್ಲೆಂಡಿನಲ್ಲಿರುವುದು ನಾಲ್ಕು ಪ್ರಾಂತಗಳು. ಆದರೆ ಆ ಭಾಷೆಯಲ್ಲಿ ಪ್ರಾಂತವೆಂಬ ಪದದ ಮೂಲಾರ್ಥ 'ಐದನೆಯ ಒಂದು ಪಾಲು' ಎಂದು. ಉಳಿದ ಆ ಐದನೆಯದು ಎಲ್ಲಿ? 1990ರಲ್ಲಿ ರಾಷ್ಟ್ರಾಧ್ಯಕ್ಷೆಯಾದ ಮೇರಿ ರಾಬಿನ್ಸನ್ ತಮ್ಮ ಮೊದಲ ಭಾಷಣದಲ್ಲಿಯೇ ಅದನ್ನು ಪ್ರಸ್ತಾಪಿಸಿದರು: ಅದು ನೆಲದ ಮೇಲಿಲ್ಲ, ಜನರ ಒಳಗಿದೆ ಎಂಬರ್ಥದಲ್ಲಿ. ಕಡಲಾಚೆಗಿನ ತಮ್ಮವರಿಗಾಗಿ ಅವರು ತಮ್ಮ ನಿವಾಸದ ಕಿಟಕಿಯಲ್ಲಿ ದೀಪವೊಂದನ್ನು ಇರಿಸಿದ್ದರು. ಶಿಕಾಗೊದ ಕೇಂದ್ರದ ಪಾನಗೃಹಕ್ಕೂ 'ಐದನೆಯ ಪ್ರಾಂತ' ಎಂದೇ ಹೆಸರು. ಹೊರನಾಡ ಕನ್ನಡಿಗರಾದ ನಾವು ವಾಸಿಸುವುದೂ ಅಂಥದೊಂದು ಪ್ರಾಂತದಲ್ಲಿಯೇ. ಯಾವ ಭೂಪಟದಲ್ಲಿಯೂ ಇಲ್ಲದ ಆ ಪ್ರಾಂತಕ್ಕೆ ಗಡಿಯೆಂದರೆ ಮುಂದಿನ ತಲೆಮಾರಿಗೆ ಬರುವ ಅಕ್ಷರಗಳು ಮಾತ್ರ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನಕ್ಷೆಯನ್ನು ಮತ್ತೊಮ್ಮೆ ನೋಡಿದೆ. ನೆಲಮಹಡಿ ಮತ್ತು ಮೊದಲ ಮಹಡಿ ಕಲ್ಯಾಣಮಂಟಪಕ್ಕೆ, ಎರಡನೆಯದು ಭೋಜನಶಾಲೆಗೆ, ಮೂರನೆಯದು ಅತಿಥಿಗೃಹಕ್ಕೆ. ಗ್ರಂಥಾಲಯ ನಾಲ್ಕನೆಯ ಮಹಡಿಯ ಮೂಲೆಯಲ್ಲಿದೆ, 'ಬಹೂಪಯೋಗಿ ಕೋಣೆ'ಯೆಂಬ ಹೆಸರಿನಲ್ಲಿ. ತರಗತಿಯ ಕೋಣೆ ಒಂದೂ ಇಲ್ಲ. ಬಾಡಿಗೆಯ ಆದಾಯವಿಲ್ಲದೆ ಸಂಘ ನಡೆಯದೆಂಬ ಖಜಾಂಚಿಯವರ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಅದು ನಿಜ. ಆದರೆ ಆ ಆದಾಯ ಯಾವುದಕ್ಕಾಗಿ ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರವಿಲ್ಲ.

ಆದ್ದರಿಂದ ಮಹಾಸಭೆಯಲ್ಲಿ ಮೂರು ತಿದ್ದುಪಡಿಗಳನ್ನು ಮಂಡಿಸಲಿದ್ದೇನೆ. ಒಂದು, ಗ್ರಂಥಾಲಯ ಮತ್ತು ಎರಡು ತರಗತಿ ಕೋಣೆಗಳು ನೆಲಮಹಡಿಯಲ್ಲಿ, ಬಾಗಿಲಿಗೆ ಸಮೀಪದಲ್ಲಿ ಇರಬೇಕು. ಎರಡು, ಯಾವ ಮುಹೂರ್ತವಿದ್ದರೂ ಅವನ್ನು ಬಾಡಿಗೆಗೆ ಕೊಡಬಾರದು. ಮೂರು, ಬಾಡಿಗೆಯ ನಿಗದಿತ ಪಾಲೊಂದು ಕನ್ನಡ ಕಲಿಸುವವರ ಗೌರವಧನಕ್ಕಾಗಿ ಪ್ರತ್ಯೇಕ ಲೆಕ್ಕಶೀರ್ಷಿಕೆಯಡಿ ಜಮೆಯಾಗಬೇಕು. ಕೇಂದ್ರ ಸರಕಾರದ ಕಡತಗಳ ನಡುವೆ ಮೂವತ್ತು ವರ್ಷ ಕಳೆದವನಾಗಿ ಒಂದು ಮಾತನ್ನು ಬಲ್ಲೆ: ಲೆಕ್ಕಶೀರ್ಷಿಕೆಯಿಲ್ಲದ ಸದುದ್ದೇಶ ಎಂದೂ ಕಾರ್ಯಗತವಾಗುವುದಿಲ್ಲ.

ಐರಿಷರು ಕಟ್ಟಡ ಕೊಂಡಾಗ ಸಂಗೀತವಿನ್ನೂ ಜೀವಂತವಾಗಿತ್ತು, ಅದು ಉಳಿಯಿತು. ಭಾಷೆ ಮನೆಮನೆಗಳಿಂದ ಆಗಲೇ ಹೊರಟುಹೋಗಿತ್ತು. ಅದನ್ನೀಗ ಮುದುಕರು ಅಕ್ಷರ ಅಕ್ಷರವಾಗಿ ಕರೆಯುತ್ತಿದ್ದಾರೆ. ನಮ್ಮ ಮನೆಗಳಲ್ಲಿ ಕನ್ನಡ ಇನ್ನೂ ಮಾತಾಗಿ ಉಳಿದಿದೆ. ಸಮಯ ಮೀರಿಲ್ಲ.

ಓದುಗರು ನನ್ನ ತಿದ್ದುಪಡಿಗಳನ್ನು ಒಪ್ಪಲಿ, ಒಪ್ಪದಿರಲಿ, ಮಹಾಸಭೆಗೆ ತಪ್ಪದೆ ಬರಬೇಕೆಂದು ವಿನಂತಿ. ಬರುವಾಗ ಮಕ್ಕಳನ್ನೂ ಕರೆತನ್ನಿ. ಅಂದು ಬೆಳಿಗ್ಗೆ ಸಭೆಗೆ ಒಂದು ಗಂಟೆ ಮೊದಲು, ಹಳೆಯ ಗ್ರಂಥಾಲಯದ ಕೋಣೆಯಲ್ಲಿ, ಕಪ್ಪುಹಲಗೆಯೊಡನೆ ನಾನು ಕಾಯುತ್ತಿರುತ್ತೇನೆ. ಅ, ಆ ದಿಂದಲೇ ಆರಂಭಿಸೋಣ.

— ಸಂಪಾದಕ