ತೋರಣ ಕಟ್ಟಿದ ಮನೆಯಲ್ಲಿ ಕೇಳದೆ ಉಳಿಯುವ ಪ್ರಶ್ನೆಗಳು

ಮಹಾಲಯ ಅಮಾವಾಸ್ಯೆ ಯಾವಾಗ ಮುಗಿಯುತ್ತೆ ಅಂತ ಬೆಂಗಳೂರಿನ ರಿಯಲ್ ಎಸ್ಟೇಟ್ ಮಾರುಕಟ್ಟೆ ಕಾದು ಕೂತಿರುತ್ತದೆ. ಪಿತೃಪಕ್ಷದಲ್ಲಿ ಮುಂಗಡ ಕೊಡುವವರು ಕಡಿಮೆ, ಮನೆ ನೋಡಲು ಬರುವವರೂ ಕಡಿಮೆ. ನವರಾತ್ರಿ ಶುರುವಾಯಿತೋ, ಪತ್ರಿಕೆಗಳ ಮುಖಪುಟದ ಮೇಲೆ ಇನ್ನೊಂದು ಮುಖಪುಟ ಬಂದು ಕೂರುತ್ತದೆ. ಚಿನ್ನದ ನಾಣ್ಯ ಉಚಿತ, ಮಾಡ್ಯುಲರ್ ಕಿಚನ್ ಉಚಿತ, ನೋಂದಣಿ ಖರ್ಚು ನಮ್ಮದು, ‘ಆಫರ್ ವಿಜಯದಶಮಿವರೆಗೆ ಮಾತ್ರ’. ಹಳೇ ಮನೆ ಮಾರುವವರೂ ಇದೇ ಹೊತ್ತಿಗೆ ಕಾಯುತ್ತಾರೆ. ಸುಣ್ಣ-ಬಣ್ಣ ಮುಗಿಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಸಾಲು ದೀಪ ಹಚ್ಚಿ ಗಿರಾಕಿಯನ್ನು ಒಳಗೆ ಕರೆಯುತ್ತಾರೆ.

ಕೆಲವು ವರ್ಷಗಳಿಂದ ಈ ಸೀಸನ್‌ನಲ್ಲಿ ಮನೆ ಹುಡುಕುವ ಗೆಳೆಯರ ಜೊತೆ ಹೋಗುವುದು ನನಗೆ ಒಂಥರಾ ಪಾರ್ಟ್‌ಟೈಮ್ ಕೆಲಸವೇ ಆಗಿಬಿಟ್ಟಿದೆ. ಕೆಂಗೇರಿ, ಹೊರಮಾವು, ಬನ್ನೇರುಘಟ್ಟ ರಸ್ತೆ, ಯಲಹಂಕ ಅಂತ ಓಡಾಡಿದ ಮೇಲೆ ನನಗೆ ಖಾತ್ರಿಯಾಗಿರುವ ಸಂಗತಿ ಇದು: ಹಬ್ಬಕ್ಕೆ ಸಿಂಗಾರಗೊಂಡ ಮನೆಯಲ್ಲಿ ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆಗಳು ಕೇಳದೆ ಉಳಿಯುತ್ತವೆ. ಆದರೆ ಮಾರುವವರು, ಕೇಳಬಾರದ ಒಂದು ಪ್ರಶ್ನೆಯನ್ನು ಮಾತ್ರ ತಪ್ಪದೆ ಕೇಳುತ್ತಾರೆ.

ಬಣ್ಣದ ವಾಸನೆ, ಸಾಂಬ್ರಾಣಿ ಹೊಗೆ

ಮನೆ ಮಾರುವಾಗ ಅಲಂಕಾರ ಮಾಡುವುದು ಅಪರಾಧ ಏನಲ್ಲ. ಹಬ್ಬಕ್ಕೆ ಮನೆ ತೊಳೆದು, ರಂಗೋಲಿ ಹಾಕಿ, ಆಕಾಶಬುಟ್ಟಿ ತೂಗುಹಾಕುವುದು ನಮ್ಮ ಖುಷಿ. ಅದೇ ದಿನ ಯಾರಾದರೂ ಮನೆ ನೋಡಲು ಬಂದರೆ ಮಾರುವವರಿಗೆ ಅನುಕೂಲ. ತೊಂದರೆ ಇರುವುದು ಅಲಂಕಾರ ಏನನ್ನು ಮುಚ್ಚುತ್ತದೆ ಅನ್ನುವುದರಲ್ಲಿ.

ಸೆಪ್ಟೆಂಬರ್-ಅಕ್ಟೋಬರ್ ಅಂದ್ರೆ ಬೆಂಗಳೂರಿಗೆ ಜೋರು ಮಳೆಯ ತಿಂಗಳು. ಒಂದು ಮನೆಯ ಚಾವಣಿ ಸೋರುತ್ತದೋ, ನೆಲಮಾಳಿಗೆಗೆ ನೀರು ನುಗ್ಗುತ್ತದೋ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಸರಿಯಾಗಿ ಅದೇ ಹೊತ್ತಿಗೆ ಗೋಡೆಗೆ ಹೊಸ ಪುಟ್ಟಿ, ಹೊಸ ಬಣ್ಣ ಬಿದ್ದಿರುತ್ತದೆ. ತೇವದ ವಾಸನೆ ಇದ್ದರೂ ಸಾಂಬ್ರಾಣಿ ಹೊಗೆಯಲ್ಲಿ ಗೊತ್ತಾಗಲ್ಲ. ಸಂಜೆ ಆರರ ಮೇಲೆ, ಎಲ್ಲ ದೀಪ ಉರಿಯುವಾಗ ತೋರಿಸಿದರೆ ಹಗಲಲ್ಲಿ ಬೆಳಕೇ ಬರದ ಕೋಣೆಯೂ ಝಗಮಗ ಅನ್ನುತ್ತದೆ.

ಹೊಸ ಅಪಾರ್ಟ್‌ಮೆಂಟ್‌ಗಳ ಮಾದರಿ ಮನೆಗಳದ್ದು ಇನ್ನೊಂದು ಕತೆ. ನಾವು ನೋಡಿದ ಒಂದರಲ್ಲಿ ಒಳಕೋಣೆಗಳಿಗೆ ಬಾಗಿಲೇ ಇರಲಿಲ್ಲ, ಒಂದಿಡೀ ಗೋಡೆಗೆ ಕನ್ನಡಿ. ಮಂಚದ ಮೇಲೆ ನನ್ನ ಗೆಳೆಯ ಮಲಗಿ ನೋಡಿದ, ಕಾಲು ಆಚೆ ಬಂತು. ಸೇಲ್ಸ್ ಹುಡುಗ ನಕ್ಕು, ‘ಅದು ಡಿಸ್‌ಪ್ಲೇಗೆ ಸಾರ್’ ಅಂದ. ಮಂಚ ಚಿಕ್ಕದು ಮಾಡಿದರೆ ಕೋಣೆ ದೊಡ್ಡದು ಕಾಣುತ್ತೆ, ಅಷ್ಟೇ. ಇದಕ್ಕೇ 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ, ಅಂದರೆ ಗೋಡೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ, ಎಂಬುದನ್ನು ವ್ಯಾಖ್ಯಾನಿಸಿ, ಬಿಲ್ಡರ್ ಅದನ್ನು ಬಹಿರಂಗಪಡಿಸಲೇಬೇಕು ಎಂದಿತು. ಆದರೂ ಸೂಪರ್ ಬಿಲ್ಟ್‌ಅಪ್ ಅಂತ ಲಿಫ್ಟು, ಮೆಟ್ಟಿಲು, ಲಾಬಿ ಎಲ್ಲ ಸೇರಿಸಿದ ಲೆಕ್ಕವೇ ಈಗಲೂ ನಮ್ಮ ಬಾಯಲ್ಲಿದೆ.

ಕಾಗದದ ಪ್ರಶ್ನೆಗಳು

ಗೋಡೆಯ ಬಿರುಕನ್ನಾದರೂ ಇವತ್ತಲ್ಲ ನಾಳೆ ರಿಪೇರಿ ಮಾಡಿಸಬಹುದು. ಕಾಗದದ ಬಿರುಕು ಹಾಗಲ್ಲ.

2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಆಸ್ತಿ ನೋಂದಣಿ ಆಗುವುದಿಲ್ಲ. ಹಾಗಾಗಿ ಈಗ ಎಲ್ಲ ಜಾಹೀರಾತಿನಲ್ಲೂ ‘ಇ-ಖಾತಾ ರೆಡಿ’ ಎಂಬ ಸಾಲು. ಅದನ್ನು ಓದಿದವರು ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ಆದರೆ ಇ-ಖಾತಾ ಎ ಖಾತಾಗೂ ಸಿಗುತ್ತದೆ, ಬಿ ಖಾತಾಗೂ ಸಿಗುತ್ತದೆ. ನಿಯಮ ಮೀರಿದ ಬಡಾವಣೆ, ಕಟ್ಟಡಗಳಿಂದಲೂ ತೆರಿಗೆ ವಸೂಲಿ ಮಾಡಲು ಪಾಲಿಕೆ ಇಟ್ಟುಕೊಂಡ ಲೆಕ್ಕದ ಪುಸ್ತಕವೇ ಬಿ ಖಾತಾ. ಅದು ಡಿಜಿಟಲ್ ಆದ ಮಾತ್ರಕ್ಕೆ ಆಸ್ತಿ ಸಕ್ರಮ ಆಗಲ್ಲ. ಇನ್ನೂ ಒಂದು ಮಾತು: ಯಾವ ಖಾತಾ ಆದರೂ ಅದು ಮಾಲೀಕತ್ವದ ಪತ್ರ ಅಲ್ಲ, ತೆರಿಗೆ ದಾಖಲೆ.

ಎರಡನೆಯದು ಓಸಿ, ಅಂದರೆ ಸ್ವಾಧೀನಾನುಭವ ಪತ್ರ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಈ ಪತ್ರ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ಪರಿಶೀಲಿಸದೆ ಸಾಲ ಕೊಡಬಾರದು ಎಂದಿತು. ಅದಾದ ಮೇಲೆ 2025ರಲ್ಲಿ ರಾಜ್ಯದಲ್ಲಿ ಕಟ್ಟಿ ಮುಗಿಸಿದ ಎಷ್ಟೋ ಮನೆಗಳ ಮುಂದೆ ಕಾಯಂ ಕರೆಂಟಿಗೆ ಪರದಾಟ ಶುರುವಾಯಿತು. ಕೊನೆಗೆ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ವಿನಾಯಿತಿ ಕೊಡುವ ತೀರ್ಮಾನ ಮಾಡಬೇಕಾಯಿತು. ಮಾರಾಟಕ್ಕಿಟ್ಟ ಮನೆಯ ತುಂಬ ಸೀರಿಯಲ್ ಸೆಟ್ ಉರಿಯುತ್ತಿರುವಾಗ, ‘ಈ ಕರೆಂಟು ಕಾಯಂ ಸಂಪರ್ಕದ್ದಾ, ತಾತ್ಕಾಲಿಕದ್ದಾ?’ ಅಂತ ಕೇಳುವುದು ಅಧಿಕಪ್ರಸಂಗ ಅಲ್ಲ. ಕೇಳಲೇಬೇಕಾದ ಮಾತು.

ಹೊಸ ಪ್ರಾಜೆಕ್ಟ್ ಕೊಳ್ಳುವವರಿಗೆ ರೇರಾದಲ್ಲಿ ಒಳ್ಳೆಯ ರಕ್ಷಣೆಗಳಿವೆ. ಜಾಹೀರಾತಿನಲ್ಲಿ ರೇರಾ ನೋಂದಣಿ ಸಂಖ್ಯೆ ಮತ್ತು ವೆಬ್‌ಸೈಟ್ ವಿಳಾಸ ಇರಬೇಕು. ನೋಂದಾಯಿತ ಒಪ್ಪಂದ ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಜಾಹೀರಾತು ಅಥವಾ ಮಾದರಿ ಮನೆ ನಂಬಿ ಹಣ ಕೊಟ್ಟು, ಅದು ಸುಳ್ಳೆಂದು ಗೊತ್ತಾಗಿ ನಷ್ಟವಾದರೆ ಪರಿಹಾರ ಕೇಳಬಹುದು. ಹಬ್ಬದ ಆತುರದಲ್ಲಿ ಈ ಹಕ್ಕುಗಳೆಲ್ಲ ‘ಇವತ್ತೇ ಬುಕ್ ಮಾಡಿದ್ರೆ ಈ ರೇಟು’ ಎಂಬ ಒಂದೇ ಮಾತಿಗೆ ಕರಗಿಹೋಗುತ್ತವೆ. ಇನ್ನು ಹಳೇ ಮನೆ ಕೊಳ್ಳುವವರಿಗಂತೂ ರೇರಾ ಅನ್ವಯವೇ ಆಗುವುದಿಲ್ಲ. ಅವರ ಪಾಲಿಗೆ ಇರುವುದು ವಕೀಲರು ಮತ್ತು ತಾಳ್ಮೆ, ಇವೆರಡೇ.

ಸರ್ಕಾರವೂ ಸೀಸನ್ ನೋಡುತ್ತದೆ

ಆತುರ ಹುಟ್ಟಿಸುವುದರಲ್ಲಿ ಬಿಲ್ಡರ್‌ಗಳು ಮಾತ್ರ ಇದ್ದಾರೆ ಅಂದುಕೊಳ್ಳಬೇಡಿ. 2023ರ ಅಕ್ಟೋಬರ್ 1ಕ್ಕೆ ರಾಜ್ಯದಲ್ಲಿ ಮಾರ್ಗಸೂಚಿ ದರ ಏರಿತು. ಅದಕ್ಕೂ ಮೊದಲು ಉಪನೋಂದಣಿ ಕಚೇರಿಗಳ ಮುಂದೆ ನೂಕುನುಗ್ಗಲು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಹೋಯಿತು, ಅಂದರೆ ನೇರವಾಗಿ ದುಪ್ಪಟ್ಟು. ಗೌರಿ-ಗಣೇಶ ಮುಗಿದ ಕೆಲವೇ ದಿನಕ್ಕೆ, ನವರಾತ್ರಿಗೆ ಮೂರು ವಾರ ಮೊದಲು.

ಲೆಕ್ಕ ಹಾಕಿ ನೋಡೋಣ. ಬೆಂಗಳೂರಲ್ಲಿ 80 ಲಕ್ಷದ ಫ್ಲಾಟ್ ಅಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ. 5.6, ನೋಂದಣಿ ಶೇ. 2. ಒಟ್ಟು ಶೇ. 7.6, ಅಂದರೆ 6.08 ಲಕ್ಷ ರೂಪಾಯಿ. ಮೊದಲು ಇದೇ ಫ್ಲಾಟಿಗೆ 5.28 ಲಕ್ಷ ಆಗುತ್ತಿತ್ತು. ವ್ಯತ್ಯಾಸ 80 ಸಾವಿರ. ಈಗ ಬಿಲ್ಡರ್ ‘ನೋಂದಣಿ ಖರ್ಚು ನಮ್ಮದು’ ಅಂದಾಗ ಕೇಳಬೇಕಾದ್ದು, ಆ ದುಡ್ಡು ಚದರ ಅಡಿಯ ದರದೊಳಗೆ ಆಗಲೇ ಕೂತಿದೆಯಾ ಅಂತ. ಆಫರ್ ಬಿಟ್ಟು ಬರೀ ದರ ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದರೆ ಉತ್ತರ ಅಲ್ಲೇ ಸಿಗುತ್ತದೆ.

ಕೇಂದ್ರದ್ದೂ ಇದೇ ದಾರಿ. 2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನವೇ ಹೊಸ ಜಿಎಸ್‌ಟಿ ದರಗಳು ಜಾರಿಯಾದವು, ‘ಬಚತ್ ಉತ್ಸವ’ ಅಂತ ಹೆಸರೂ ಬಂತು. ಸಿಮೆಂಟಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದದ್ದು ನಿಜ. ಆದರೆ ನಿರ್ಮಾಣ ಹಂತದ ಫ್ಲಾಟಿನ ಮೇಲೆ ಕೊಳ್ಳುವವರು ಕಟ್ಟುವ ಶೇ. 5 ಹಾಗೇ ಉಳಿಯಿತು. ಸಿಮೆಂಟಿನಲ್ಲಿ ಉಳಿದದ್ದು ಗಿರಾಕಿಗೆ ಬಂತಾ, ಬಿಲ್ಡರ್ ಬಳಿಯೇ ಉಳಿಯಿತಾ ಎಂಬುದಕ್ಕೆ ಉತ್ಸವದಲ್ಲಿ ಉತ್ತರ ಇರಲಿಲ್ಲ.

ಆಮೇಲೆ ರಾಜ್ಯ ಸರ್ಕಾರ ಬಿ ಖಾತಾವನ್ನು ಎ ಖಾತಾ ಮಾಡುವ 100 ದಿನಗಳ ಅಭಿಯಾನವನ್ನು 2025ರ ನವೆಂಬರ್ 1ಕ್ಕೆ, ಕನ್ನಡ ರಾಜ್ಯೋತ್ಸವದ ದಿನಕ್ಕೆ ಇಟ್ಟಿತು. ಮೊದಲು ಘೋಷಿಸಿದ ಶುಲ್ಕ ಮಾರ್ಗಸೂಚಿ ದರದ ಶೇ. 5. ದಶಕಗಳ ಗೋಜಲಿಗೆ ಒಂದು ದಾರಿ ಅನ್ನುವುದು ಒಪ್ಪತಕ್ಕದ್ದೇ. ಆದರೆ ಇದು ನಿವೇಶನಕ್ಕೆ ಸಂಬಂಧಿಸಿದ್ದು, ಅದರ ಮೇಲೆ ನಕ್ಷೆ ಮೀರಿ ಕಟ್ಟಿದ ಕಟ್ಟಡ ಇದರಿಂದ ಸಕ್ರಮ ಆಗುವುದಿಲ್ಲ. ಈ ವ್ಯತ್ಯಾಸ ಹೇಳದೆ ‘ಎ ಖಾತಾ ಆಗುತ್ತೆ ಬಿಡಿ’ ಅಂತ ಮನೆ ಮಾರುವವರನ್ನು ನಾನೇ ಕಂಡಿದ್ದೇನೆ.

‘ನೀವು ಯಾವ ಪೈಕಿ?’

ಈಗ ಆ ಒಂದು ಪ್ರಶ್ನೆಗೆ ಬರೋಣ. ಹೋದ ಸಲ ಒಂದು ಮನೆಯಲ್ಲಿ ದಸರಾ ಗೊಂಬೆ ಕೂರಿಸಿದ್ದರು. ಪಟ್ಟದ ಗೊಂಬೆ, ಚನ್ನಪಟ್ಟಣದ ಮರದ ಆಟಿಕೆಗಳು, ಎಷ್ಟು ಚಂದ! ಕೋಸಂಬರಿ ಕೊಟ್ಟರು, ಮನೆ ತೋರಿಸಿದರು, ಬೆಲೆಯೂ ಹತ್ತಿರ ಹತ್ತಿರ ಬಂತು. ಆಮೇಲೆ ದಲ್ಲಾಳಿ ನನ್ನ ಗೆಳತಿಯನ್ನು ಮೆಲ್ಲಗೆ ಕೇಳಿದ, ‘ಮೇಡಂ, ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?’ ಹೆಸರು ಕೇಳಿ ಅವನಿಗೆ ಪೂರ್ತಿ ಅಂದಾಜು ಸಿಕ್ಕಿರಲಿಲ್ಲ. ಉತ್ತರ ಸಿಕ್ಕ ಮೇಲೆ ಆ ಮನೆ ‘ಬೇರೆಯವರಿಗೆ ಮಾತಾಗಿದೆ’ ಎಂದಾಯಿತು. ಎರಡು ತಿಂಗಳ ನಂತರವೂ ಆನ್‌ಲೈನ್‌ನಲ್ಲಿ ಅದೇ ಫೋಟೋ ಇತ್ತು, ಗೊಂಬೆಗಳ ಸಮೇತ.

ಚನ್ನಪಟ್ಟಣದಲ್ಲಿ ಆ ಬಣ್ಣದ ಗೊಂಬೆಗಳನ್ನು ಕಡೆಯುವ ಕುಶಲಕರ್ಮಿಗಳಲ್ಲಿ ಮುಸ್ಲಿಮರೂ ಬಹಳ ಮಂದಿ ಇದ್ದಾರೆ. ಅವರು ಮಾಡಿದ ಗೊಂಬೆಗೆ ಆ ಮನೆಯ ಮೆಟ್ಟಿಲ ಮೇಲೆ ಜಾಗ ಇದೆ, ಅವರಿಗೆ ಆ ಬೀದಿಯಲ್ಲಿ ಜಾಗ ಸಿಗುವುದು ಅನುಮಾನ. ದಲಿತ ಗೆಳೆಯರ ಅನುಭವವೂ ಬೇರೆ ಅಲ್ಲ. ‘ಶುದ್ಧ ಸಸ್ಯಾಹಾರಿಗಳಿಗೆ ಆದ್ಯತೆ’ ಎಂಬ ಸಾಲು ಅಡುಗೆಮನೆಯ ಬಗ್ಗೆ ಹೇಳಿದಂತೆ ಕಂಡರೂ, ಹೇಳುವುದು ಜಾತಿಯನ್ನೇ.

ಇದು ಬರೀ ನಮ್ಮ ನಾಲ್ಕಾರು ಜನರ ಅನುಭವ ಅಲ್ಲ. ದೆಹಲಿ ಸುತ್ತಮುತ್ತಲ ಬಾಡಿಗೆ ಮನೆಗಳ ಬಗ್ಗೆ ಸುಖದೇವ್ ಥೋರಟ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ, ದಲಿತರು ಮತ್ತು ಮುಸ್ಲಿಮರಿಗೆ ಮನೆ ನಿರಾಕರಿಸುವುದನ್ನು ದಾಖಲಿಸಿದೆ. ಕಾನೂನು ಏನು ಮಾಡುತ್ತಿದೆ? ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸುತ್ತದೆ, ಖಾಸಗಿ ಮನೆ ಮಾರಾಟವನ್ನು ಹೆಸರಿಸುವುದಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟ್, ಗುಜರಾತಿನ ಒಂದು ಪಾರ್ಸಿ ಗೃಹ ಸಹಕಾರ ಸಂಘವು ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಸೀಮಿತಗೊಳಿಸಿದ್ದನ್ನು ಎತ್ತಿಹಿಡಿಯಿತು. ಮನೆ ಮಾರಾಟದಲ್ಲಿನ ತಾರತಮ್ಯವನ್ನೇ ಗುರಿಯಾಗಿಸಿದ ಕಾನೂನು ನಮ್ಮಲ್ಲಿ ಇವತ್ತಿಗೂ ಇಲ್ಲ.

‘ನನ್ನ ಮನೆ, ನನ್ನಿಷ್ಟ, ಯಾರಿಗಾದರೂ ಮಾರ್ತೀನಿ’ ಅನ್ನುವವರಿದ್ದಾರೆ. ಮಾರುವ ಮನೆಯ ದೇವರಕೋಣೆಯ ಬಗ್ಗೆ ಅವರಿಗೆ ಮಮತೆ ಇರುವುದೂ ಸಹಜ. ಆದರೆ ಆ ಮನೆಯನ್ನು ಸಾರ್ವಜನಿಕವಾಗಿ ಮಾರಾಟಕ್ಕಿಟ್ಟು, ಸರ್ಕಾರದ ಕಚೇರಿಯಲ್ಲಿ ನೋಂದಾಯಿಸಿ, ಸಾರ್ವಜನಿಕ ಬ್ಯಾಂಕಿನ ಸಾಲದಿಂದ ಹಣ ಪಡೆಯುವಾಗ ಅದು ಪೂರ್ತಿ ಖಾಸಗಿ ವ್ಯವಹಾರವಾಗಿ ಉಳಿದಿರುವುದಿಲ್ಲ. ಹೀಗೆ ಒಬ್ಬೊಬ್ಬರ ‘ನನ್ನಿಷ್ಟ’ ಸೇರಿಯೇ ಒಂದು ಊರಲ್ಲಿ ಯಾರ ಬಡಾವಣೆ ಯಾವುದು ಎಂಬ ಗೆರೆ ಬೀಳುವುದು.

ಏನು ಕೇಳಬೇಕು, ಯಾರನ್ನು?

ಮನೆ ನೋಡಲು ಹೋಗುವವರಿಗೆ ನನ್ನ ಸಲಹೆ ಸರಳ. ಹಗಲಲ್ಲಿ ಒಮ್ಮೆ, ಮಳೆ ಬಂದ ಮರುದಿನ ಇನ್ನೊಮ್ಮೆ ಹೋಗಿ. ಖಾತಾ ಎ ನಾ ಬಿ ನಾ, ಓಸಿ ಎಲ್ಲಿ, ಕಾರ್ಪೆಟ್ ಏರಿಯಾ ಎಷ್ಟು ಅಂತ ಕೋಸಂಬರಿ ತಿನ್ನುವ ಮೊದಲೇ ಕೇಳಿ. ಮುಹೂರ್ತ ಮೀರುತ್ತೆ ಅಂದರೆ ಮೀರಲಿ ಬಿಡಿ, ದೀಪಾವಳಿ ಆದಮೇಲೂ ಉಪನೋಂದಣಿ ಕಚೇರಿ ತೆರೆದಿರುತ್ತದೆ.

ಆದರೆ ಇಷ್ಟನ್ನು ಕೊಳ್ಳುವವರ ಜಾಣತನಕ್ಕೇ ಬಿಟ್ಟರೆ ಮೊದಲ ಸಲ ಮನೆ ಕೊಳ್ಳುವ, ವಕೀಲರಿಗೆ ದುಡ್ಡು ಹೊಂಚಲಾಗದವರೇ ಬಲಿಯಾಗುತ್ತಾರೆ. ಹಾಗಾಗಿ ಸರ್ಕಾರದಿಂದ ಎರಡನ್ನು ಕೇಳಬೇಕಿದೆ. ಒಂದು, ಹಳೆಯದೋ ಹೊಸದೋ, ಮಾರಾಟಕ್ಕಿಡುವ ಪ್ರತಿ ಮನೆಯ ಜಾಹೀರಾತಿನಲ್ಲೂ ಖಾತಾದ ಬಗೆ ಮತ್ತು ಓಸಿ ಇದೆಯೋ ಇಲ್ಲವೋ ಎಂಬುದು ಕಡ್ಡಾಯವಾಗಿ ಇರಬೇಕು. ಎರಡು, ಜಾತಿ-ಧರ್ಮ ಕೇಳಿ ಮನೆ ನಿರಾಕರಿಸುವುದನ್ನು ಶಿಕ್ಷಾರ್ಹ ಮಾಡುವ ಕಾನೂನು ಬರಬೇಕು, ಮಾಲೀಕರ ಜೊತೆಗೆ ದಲ್ಲಾಳಿಗಳು ಮತ್ತು ಆನ್‌ಲೈನ್ ಜಾಲತಾಣಗಳೂ ಅದರೊಳಗೆ ಬರಬೇಕು. ನವರಾತ್ರಿಯ ಮೊದಲ ದಿನವೇ ತೆರಿಗೆ ಇಳಿಸಲು, ರಾಜ್ಯೋತ್ಸವದ ದಿನವೇ ಖಾತಾ ಅಭಿಯಾನ ಶುರುಮಾಡಲು ಮುಹೂರ್ತ ಸಿಗುತ್ತದೆ ಅಂದಮೇಲೆ, ಈ ಎರಡಕ್ಕೂ ಒಂದು ಒಳ್ಳೇ ದಿನ ಹುಡುಕುವುದು ಕಷ್ಟ ಆಗಬಾರದು.