‘ಟೆಕ್ಸ್ಟ್’, ‘ಪಠ್ಯ’ ಮತ್ತು ‘ಸಾಲು’

ಕನ್ನಡದ ಸಂಶೋಧನ ಪ್ರಬಂಧಗಳಲ್ಲಿ ‘ಪಠ್ಯ’ ಎಂಬ ಪದದ ಬಳಕೆ ಇಂದು ವಿಪರೀತವಾಗಿದೆ. ಪಂಪಭಾರತವೂ ಪಠ್ಯ, ವಚನವೂ ಪಠ್ಯ. ಶಾಸನ, ಚಲನಚಿತ್ರ, ಜಾತ್ರೆ, ಕಡೆಗೆ ದೇಹವೂ ಪಠ್ಯ. ಇಂಗ್ಲಿಷಿನ ‘ಟೆಕ್ಸ್ಟ್’ ಎಂಬುದಕ್ಕೆ ನಾವು ಒಪ್ಪಿಕೊಂಡಿರುವ ಸಮಾನಪದವಿದು. ಎರಡು ಪದಗಳ ಹುಟ್ಟು ಬೇರೆಬೇರೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ. ಪಾರಿಭಾಷಿಕ ಪದಗಳ ವಿಷಯದಲ್ಲಿ ಇಂಥ ಔದಾಸೀನ್ಯ ಅಪಾಯಕಾರಿ ಎಂಬುದು ನನ್ನ ಅನುಭವ.

‘ಟೆಕ್ಸ್ಟ್’ ಮಗ್ಗದಿಂದ ಬಂದ ಪದ. ನೇಯು ಎಂಬರ್ಥದ ‘ಟೆಕ್ಸೆರೆ’ ಎಂಬ ಲ್ಯಾಟಿನ್ ಧಾತು ಇದರ ಮೂಲ. ‘ಟೆಕ್ಸ್‌ಟಸ್’ ಎಂದರೆ ನೇಯ್ದದ್ದು. ಬಟ್ಟೆಯನ್ನು ಹೇಳುವ ‘ಟೆಕ್ಸ್‌ಟೈಲ್’, ಸಂದರ್ಭವನ್ನು ಹೇಳುವ ‘ಕಾಂಟೆಕ್ಸ್ಟ್’ ಇದೇ ಕುಲದವು. ಕ್ರಿ.ಶ. 1ನೆಯ ಶತಮಾನದ ರೋಮನ್ ಅಲಂಕಾರಶಾಸ್ತ್ರಜ್ಞ ಕ್ವಿಂಟಿಲಿಯನ್ ಮಾತಿನ ಹೆಣಿಗೆಯನ್ನು ಕುರಿತು ಈ ಪದವನ್ನು ರೂಪಕವಾಗಿ ಬಳಸಿದ್ದಾನೆ. ಮಧ್ಯಯುಗದಲ್ಲಿ ಅದು ಕ್ರೈಸ್ತ ಧರ್ಮಗ್ರಂಥದ ಹೆಸರಾಯಿತು. ಫ್ರೆಂಚಿನ ಮೂಲಕ 14ನೆಯ ಶತಮಾನದ ವೇಳೆಗೆ ಇಂಗ್ಲಿಷಿಗೆ ಬಂತು. ಅಲ್ಲಿ ಅದಕ್ಕೆ ಮುಖ್ಯವಾಗಿ ಒದಗಿದ ಅರ್ಥ, ವ್ಯಾಖ್ಯಾನಕ್ಕಿಂತ ಭಿನ್ನವಾದ ಮೂಲದ ಮಾತು ಎಂಬುದು. ಪಾದ್ರಿಯ ಉಪದೇಶಕ್ಕೆ ಆಧಾರವಾದ ವಾಕ್ಯವೂ ‘ಟೆಕ್ಸ್ಟ್’ ಆಯಿತು. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ಮೊದಲ ಮೊಬೈಲ್ ಸಂದೇಶ ರವಾನೆಯಾದ ಮೇಲೆ ಕ್ರಮೇಣ ಕಿರುಸಂದೇಶಕ್ಕೂ ಅದೇ ಹೆಸರು ಬಂತು. ಇಂದು ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ‘ಟೆಕ್ಸ್ಟ್ ಮಾಡು’ ಕನ್ನಡದ್ದೇ ಕ್ರಿಯಾಪದ.

ನಮ್ಮ ವಿಮರ್ಶೆಗೆ ಈ ಪದ ಬಂದುದು ಈ ದಾರಿಗಳಿಂದಲ್ಲ, ರೊಲಾಂ ಬಾರ್ತ್‌ನಂಥವರ ಮೂಲಕ. 1971ರ ಒಂದು ಲೇಖನದಲ್ಲಿ ಆತ ‘ಕೃತಿ’ಯನ್ನೂ ‘ಟೆಕ್ಸ್ಟ್’ ಅನ್ನೂ ಬೇರ್ಪಡಿಸಿದ. 1973ರ ಪುಸ್ತಕದಲ್ಲಿ ಟೆಕ್ಸ್ಟನ್ನು ಮುಗಿಯದ ನೇಯ್ಗೆಯೆಂದು ಬಣ್ಣಿಸುತ್ತ, ತನ್ನ ಬಲೆಯಲ್ಲೇ ತಾನು ಕರಗುವ ಜೇಡದ ಚಿತ್ರವನ್ನು ತಂದ. ಕನ್ನಡದಲ್ಲಿ ಜೇಡವೆಂದರೆ ಹುಳುವೂ ಹೌದು, ನೇಕಾರನೂ ಹೌದು. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಈ ಎರಡನೆಯ ಅರ್ಥ. ಬಾರ್ತ್ ಹುಡುಕಿ ಜೋಡಿಸಬೇಕಾದುದು ನಮ್ಮಲ್ಲಿ ಒಂದೇ ಪದದೊಳಗಿತ್ತು. ಆದರೂ ಅನುವಾದಿಸುವಾಗ ನಾವು ಹೋದದ್ದು ಮಗ್ಗದ ಕಡೆಗಲ್ಲ, ಶಾಲೆಯ ಕಡೆಗೆ.

ಇದು ತಪ್ಪೆಂದು ನಾನು ಹೇಳುತ್ತಿಲ್ಲ. ‘ಪಠ್ಯ’ದ ಧಾತುವಾದ ‘ಪಠ್’ ಎಂಬುದಕ್ಕೆ ಗಟ್ಟಿಯಾಗಿ ಓದು, ಹೇಳು ಎಂಬರ್ಥಗಳಿವೆ. ನಾಟ್ಯಶಾಸ್ತ್ರದಲ್ಲಿ ಋಗ್ವೇದದಿಂದ ತೆಗೆದುಕೊಂಡದ್ದೆಂದು ಹೇಳಿರುವ ‘ಪಾಠ್ಯ’ವು ರಂಗದ ಮೇಲೆ ಆಡುವ ಮಾತು. ಹೀಗಾಗಿ ಧಾತುವಿನ ದೃಷ್ಟಿಯಿಂದ ನಮ್ಮ ಪದ ಇಂಗ್ಲಿಷಿನದಕ್ಕಿಂತ ಮೌಖಿಕ ಪರಂಪರೆಗೆ ಹತ್ತಿರವಾದುದು. ದುರದೃಷ್ಟವೆಂದರೆ ಆ ಧ್ವನಿ ನಮ್ಮ ಕಿವಿಯಿಂದ ಎಂದೋ ಮರೆಯಾಗಿ, ಪಠ್ಯಪುಸ್ತಕ ಮತ್ತು ಪಠ್ಯಕ್ರಮಗಳಷ್ಟೇ ಉಳಿದಿವೆ.

ಮಲೆಯ ಮಾದೇಶ್ವರ ಕಾವ್ಯದ ಕ್ಷೇತ್ರಕಾರ್ಯದಲ್ಲಿದ್ದಾಗ ಹಿರಿಯ ಕಂಸಾಳೆ ಕಲಾವಿದರೊಬ್ಬರನ್ನು ‘ನಿಮ್ಮ ಪಠ್ಯ ಎಷ್ಟು ದೊಡ್ಡದು?’ ಎಂದು ಕೇಳಿದೆ. ಅವರು ನಕ್ಕು, ‘ಪಠ್ಯ ಅನ್ನೋದು ಇಸ್ಕೂಲು ಐಕಳದಲ್ವಾ ಮೇಷ್ಟ್ರೇ? ನಾವು ಹಾಡೋದು ಸಾಲು’ ಎಂದರು. ಸಂಕವ್ವನ ಸಾಲು ಮೊದಲಾಗಿ ಆ ಕಾವ್ಯದ ಭಾಗಗಳಿಗೆ ಹಾಡುವವರೇ ಇಟ್ಟ ಹೆಸರು ಅದು. ನೇಗಿಲು ಎಳೆದ ಗೆರೆಯೂ ಕನ್ನಡದಲ್ಲಿ ಸಾಲು, ಬರೆದ ಪಂಕ್ತಿಯೂ ಸಾಲು. ಇಂಗ್ಲಿಷಿನ ‘ವರ್ಸ್’ ಎಂಬುದಕ್ಕೆ ಮೂಲವಾದ ಲ್ಯಾಟಿನ್ ‘ವರ್ಸಸ್’ ಕೂಡ ನೇಗಿಲ ಸಾಲನ್ನು ಹೇಳುವ ಪದವೇ. ಅಚ್ಚುಕಟ್ಟಾದ ಈ ಪದ ಕೈಯಲ್ಲಿದ್ದರೂ ನನ್ನ ಪ್ರಬಂಧದ ಮೊದಲ ಕರಡಿನಲ್ಲಿ ಅದು ಒಮ್ಮೆಯೂ ಬಂದಿರಲಿಲ್ಲ.

ಅದೇ ಕರಡಿನ ಒಂದು ಅಧ್ಯಾಯದಲ್ಲಿ ‘ಪಠ್ಯದಲ್ಲಿ ಈ ಪ್ರಸಂಗವಿಲ್ಲ’ ಎಂದು ಬರೆದು, ಆ ಇಲ್ಲದಿರುವಿಕೆಯ ಮೇಲೆ ನಾಲ್ಕು ಪುಟಗಳ ವಾದವನ್ನು ಕಟ್ಟಿದ್ದೆ. ಇಲ್ಲದ್ದು ನಾನು ಮುಂದಿಟ್ಟುಕೊಂಡಿದ್ದ ಅಚ್ಚಾದ ಆವೃತ್ತಿಯಲ್ಲಿ. ನಾನೇ ಮಾಡಿಕೊಂಡಿದ್ದ ಧ್ವನಿಮುದ್ರಣದಲ್ಲಿ ಗಾಯಕರು ಅದನ್ನು ಅರ್ಧ ಗಂಟೆ ಹಾಡಿದ್ದರು. ಕರಡನ್ನು ಓದಿದವರಾರಿಗೂ ಸಂಶಯ ಬರಲಿಲ್ಲ. ಏಕೆಂದರೆ ಅಚ್ಚಾದ ಪುಸ್ತಕ, ಆ ರಾತ್ರಿಯ ಹಾಡುಗಾರಿಕೆ, ನನ್ನ ಲಿಪ್ಯಂತರ, ಜನರ ನೆನಪಿನಲ್ಲಿರುವ ಕಥೆ, ಈ ನಾಲ್ಕನ್ನೂ ‘ಪಠ್ಯ’ವೆಂದೇ ಕರೆದಿದ್ದೆ.

ಹಸ್ತಪ್ರತಿಗಳ ನಡುವೆ ಕೆಲಸ ಮಾಡಿದ ಹಿರಿಯರು ಹೀಗೆ ಮಾಡುತ್ತಿರಲಿಲ್ಲ. ಡಿ. ಎಲ್. ನರಸಿಂಹಾಚಾರ್ ಅವರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ನೆಲೆಗೊಳಿಸಿದ ಶಿಸ್ತಿನಲ್ಲಿ ಕೃತಿ ಬೇರೆ, ಪ್ರತಿ ಬೇರೆ, ಪಾಠ ಬೇರೆ, ಪಾಠಾಂತರ ಬೇರೆ. ಯಾವ ಪ್ರತಿಯ ಯಾವ ಪಾಠವೆಂದು ಹೇಳದೆ ಅಲ್ಲಿ ಒಂದು ಹೆಜ್ಜೆಯೂ ಮುಂದಿಡಲಾಗದು. ಜಾನಪದ ಅಧ್ಯಯನಕ್ಕೆ ಈ ಕಟ್ಟುನಿಟ್ಟು ಬೇಡವೆಂದು ಯಾರೂ ಹೇಳಿಲ್ಲ. ‘ಪಠ್ಯ’ ಎಂಬ ಅನುಕೂಲದ ಪದವು ಆ ಶ್ರಮವನ್ನು ನಮಗೆ ತಪ್ಪಿಸಿದೆ, ಅಷ್ಟೆ.

ಎಲ್ಲ ಬಗೆಯ ಅಭಿವ್ಯಕ್ತಿಯನ್ನೂ ಒಳಗೊಳ್ಳುವ ಒಂದು ಪದ ಸಿದ್ಧಾಂತ ಚರ್ಚೆಗೆ ಬೇಕೆಂಬ ಆಕ್ಷೇಪವಿದೆ. ಅದು ಸರಿಯೇ. ಅಂಥ ಚರ್ಚೆಯಲ್ಲಿ ‘ಪಠ್ಯ’ ಇರಲಿ. ಸಾಕ್ಷ್ಯವನ್ನು ಮುಂದಿಡುವ ವಾಕ್ಯದಲ್ಲಿ ಮಾತ್ರ ಅದಕ್ಕೆ ಎಡೆಯಿಲ್ಲ. ಅಲ್ಲಿ ಆವೃತ್ತಿಯೋ ಲಿಪ್ಯಂತರವೋ ಯಾರು ಎಂದು ಹಾಡಿದ ಸಾಲೋ ಎಂಬುದು ಸ್ಪಷ್ಟವಾಗಬೇಕು. ನನ್ನ ನಾಲ್ಕು ಪುಟಗಳನ್ನು ತೆಗೆದುಹಾಕಿದ್ದೇನೆ. ಉಳಿದ ಅಧ್ಯಾಯಗಳಲ್ಲಿ ಆ ಪದ ಬಂದಲ್ಲೆಲ್ಲ ನಿಂತು, ಅದು ನಾಲ್ಕರಲ್ಲಿ ಯಾವುದೆಂದು ಗುರುತು ಹಾಕುತ್ತಿದ್ದೇನೆ. ಕೆಲವು ಕಡೆ ನನಗೇ ಉತ್ತರ ಸಿಗುತ್ತಿಲ್ಲ.