ನಿಧಿ ನಿಕ್ಷೇಪ ನಮಗೆ, ಮೋಟರ್ ಅವರಿಗೆ

ಮನೆಯ ಕ್ರಯಪತ್ರ ಬರೆಸಿದವರಿಗೆಲ್ಲ ಈ ಸಾಲು ಗೊತ್ತಿರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಪತ್ರ ಬರಹಗಾರರು ಒಂದೇ ಉಸಿರಿನಲ್ಲಿ ಓದಿ ಮುಗಿಸುತ್ತಾರೆ. ಅಷ್ಟಭೋಗ ತೇಜಃಸ್ವಾಮ್ಯ ಎಂದು ವಿಜಯನಗರ ಕಾಲದ ದಾನ ಶಾಸನಗಳಲ್ಲಿ ಬರುವ ಮಾತು ಇವತ್ತಿಗೂ ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಬದುಕಿದೆ. ನೆಲದಡಿ ಹೂತ ನಿಧಿ ಕೊಂಡವರಿಗೆ, ಕಲ್ಲು ಕೊಂಡವರಿಗೆ, ನೀರು ಕೊಂಡವರಿಗೆ. ಆದರೆ ಆ ನೀರನ್ನು ಮೇಲೆತ್ತುವ ಮೋಟರ್ ಯಾರಿಗೆ? ಅದನ್ನು ಯಾವ ಸಾಲೂ ಹೇಳುವುದಿಲ್ಲ.

ಇದು ನಮಗೆ ಗೊತ್ತಾಗಿದ್ದು ಹಾಲು ಉಕ್ಕಿಸುವ ಹಿಂದಿನ ದಿನ.

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಅಂಚಿನಲ್ಲಿ 30-40 ಸೈಟಿನ ಹಳೆಯ ಮನೆಯೊಂದನ್ನು ಸಾಲ ಮಾಡಿ ಕೊಂಡಿದ್ದೆವು. ನೋಡಲು ಹೋದಾಗ ಎಲ್ಲವೂ ಇತ್ತು. ನಾಲ್ಕು ಫ್ಯಾನು, ಬಚ್ಚಲಲ್ಲಿ ಗೀಸರ್, ಹಿತ್ತಲಲ್ಲಿ ಬೋರ್‌ವೆಲ್. ಮಾರುವವರೇ ಸ್ವಿಚ್ ಹಾಕಿ ತೋರಿಸಿದ್ದರು. ನೀರು ಧುಮುಕುವುದನ್ನು ನೋಡಿಯೇ ಅವ್ವ ಈ ಮನೆ ಸಾಕು ಅಂದಿದ್ದು. ಅಡ್ವಾನ್ಸ್ ಕೊಟ್ಟೆವು, ಒಂದೂವರೆ ಪುಟದ ಕರಾರು ಪತ್ರಕ್ಕೆ ಸಹಿ ಬಿತ್ತು. ಚೆಕ್ಕುಬಂದಿ, ಅಳತೆ, ಒಟ್ಟು ಬೆಲೆ, ಗಡುವು ಇಷ್ಟೇ ಅದರಲ್ಲಿ ಇದ್ದದ್ದು. ರಿಜಿಸ್ಟ್ರಿ ಆಗಿ ಮೂರು ವಾರಕ್ಕೆ ಬೀಗದ ಕೈ ಸಿಕ್ಕಿತು. ಬಾಗಿಲು ತೆಗೆದರೆ ಸೂರಿನಲ್ಲಿ ಕೊಕ್ಕೆ, ಅದರಿಂದ ಇಳಿಬಿದ್ದ ವೈರಿಗೆ ಕಪ್ಪು ಟೇಪು. ಗೀಸರ್ ಇದ್ದ ಗೋಡೆಯಲ್ಲಿ ನಾಲ್ಕು ತೂತು. ಹಿತ್ತಲಿಗೆ ಹೋದರೆ ಬೋರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಮೇಲೊಂದು ಚಪ್ಪಡಿ ಇಟ್ಟಿದ್ದರು. ಮೋಟರ್, ಪೈಪು, ಕೇಬಲ್ ಮೂರೂ ಇಲ್ಲ.

ಫೋನು ಮಾಡಿದರೆ ಬಂದ ಉತ್ತರ: "ಮನೆ ಮಾರಿವ್ನಿ ಸ್ವಾಮಿ, ಮೋಟ್ರು ಮಾರಿಲ್ಲ. ಪತ್ರದಲ್ಲಿ ಎಲ್ಲೈತೆ ತೋರ್ಸಿ."

ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಅವರ ತೋಟದ ಬೋರಿನ ಮೋಟರ್ ಸುಟ್ಟಿತ್ತಂತೆ, ಇದನ್ನು ಎತ್ತಿ ಅಲ್ಲಿಗೆ ಇಳಿಸಿದ್ದಾರೆ. ಹೊಸ ಮೋಟರ್, ಪೈಪು, ಕೇಬಲ್, ಇಳಿಸುವ ಕೂಲಿ ಸೇರಿ ನಮಗೆ 60 ಸಾವಿರ ರೂಪಾಯಿ ದಾಟಿತು. ಬಣ್ಣಕ್ಕೆಂದು ಇಟ್ಟಿದ್ದ ಹಣ ಅದು.

ದಿನಾ ಪೊಲೀಸ್ ಠಾಣೆ, ತಾಲ್ಲೂಕು ಕಚೇರಿ ಸುತ್ತುವ ನಮಗೆ ಇಂಥ ಜಗಳ ಹೊಸದೇನಲ್ಲ. ಠಾಣೆಗೆ ಹೋದವರಿಗೆ "ಇದು ಸಿವಿಲ್ ಮ್ಯಾಟ್ರು, ಇಬ್ರೂ ಕೂತು ಮಾತಾಡ್ಕಳಿ" ಎನ್ನುತ್ತಾರೆ. ವಕೀಲರು ಫ್ಯಾನಿನ ಬೆಲೆಗಿಂತ ನಿಮ್ಮ ಬಸ್ ಚಾರ್ಜೇ ಹೆಚ್ಚಾಗುತ್ತದೆ ಎನ್ನುತ್ತಾರೆ. ಸುದ್ದಿ ಕಳಿಸೋಣವೆಂದರೆ ಡೆಸ್ಕಿನವರು "ಯಾರಿಗಾದ್ರೂ ಪೆಟ್ಟಾಯ್ತಾ?" ಎಂದು ಕೇಳುತ್ತಾರೆ. ಆಗಿಲ್ಲ ಎಂದರೆ ಸುದ್ದಿಯೂ ಇಲ್ಲ. ಹಾಗಾಗಿ ಊರೂರಲ್ಲಿ ನಡೆಯುವ ಈ ಜಗಳ ಎಲ್ಲೂ ದಾಖಲಾಗುವುದಿಲ್ಲ. ಕೊಂಡವರು ಬೈದುಕೊಂಡು ಹೊಸ ಫ್ಯಾನು ತರುತ್ತಾರೆ, ಮಾರಿದವರು ಆ ಬೀದಿಗೆ ಮತ್ತೆ ಕಾಲಿಡುವುದಿಲ್ಲ.

ಹಾಗಂತ ಕಾನೂನು ಏನೂ ಹೇಳಿಲ್ಲ ಎಂದಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 8ನೇ ಕಲಂ ನೋಡಿ. ಮನೆ ವರ್ಗಾವಣೆಯಾದರೆ ಬೀಗ, ಕೀಲಿಕೈ, ಅಗುಳಿ, ಬಾಗಿಲು, ಕಿಟಕಿ, ಜೊತೆಗೆ ಆ ಮನೆಯ ಶಾಶ್ವತ ಬಳಕೆಗೆಂದು ಒದಗಿಸಿದ ಬೇರೆಲ್ಲ ವಸ್ತುಗಳೂ ಕೊಂಡವರಿಗೆ ಹೋಗುತ್ತವೆ. ಪತ್ರದಲ್ಲಿ ಬೇರೆ ಉದ್ದೇಶ ಕಾಣಿಸಿದ್ದರೆ ಮಾತ್ರ ಲೆಕ್ಕ ಬೇರೆ. 3ನೇ ಕಲಂ "ನೆಲಕ್ಕೆ ಅಂಟಿದ್ದು" ಎಂದರೇನು ಎಂದು ಬಿಡಿಸುತ್ತದೆ: ಬೇರು ಬಿಟ್ಟ ಮರಗಿಡ, ನೆಲದಲ್ಲಿ ಹೂತ ಗೋಡೆ ಕಟ್ಟಡ, ಆ ಕಟ್ಟಡದ ಶಾಶ್ವತ ಅನುಭೋಗಕ್ಕಾಗಿ ಅದಕ್ಕೆ ಜೋಡಿಸಿದ ವಸ್ತು. 55ನೇ ಕಲಂ ಇನ್ನೂ ಒಂದು ಮಾತು ಹೇಳುತ್ತದೆ. ಕರಾರಾದ ದಿನದಿಂದ ಸ್ವಾಧೀನ ಕೊಡುವ ದಿನದವರೆಗೆ, ವಿವೇಕವುಳ್ಳ ಒಬ್ಬ ಮಾಲೀಕ ತನ್ನ ಸ್ವತ್ತನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ಮಾರುವವರು ಅದನ್ನು ಕಾಪಾಡಬೇಕು.

ಓದಲು ಎಲ್ಲ ಸರಿಯಾಗಿದೆ. ಆದರೆ ಈ ಕಾಯ್ದೆ ಬಂದಾಗ ಬೀಗ, ಅಗುಳಿ, ಬಾಗಿಲು, ಕಿಟಕಿಯೇ ಮನೆಯ ಸಾಮಾನು. ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿದ್ದೇ 1902ರಲ್ಲಿ. ಫ್ಯಾನು, ಗೀಸರ್, ಅಡುಗೆಮನೆಯ ಚಿಮಣಿ, ಛಾವಣಿಯ ಸೋಲಾರ್, ಯುಪಿಎಸ್, ಸಿಸಿಟಿವಿ ಕ್ಯಾಮೆರಾ ಇವುಗಳ ಹೆಸರು ಅಲ್ಲಿ ಇರಲು ಸಾಧ್ಯವಿಲ್ಲ. "ಶಾಶ್ವತ ಬಳಕೆಗೆ ಒದಗಿಸಿದ್ದು" ಎಂಬ ಮಾತಿನೊಳಗೆ ಇವೆಲ್ಲ ಬರುತ್ತವೆಯೋ ಇಲ್ಲವೋ ಎಂದು ಪ್ರತಿಯೊಂದಕ್ಕೂ ಬೇರೆ ಬೇರೆ ವಾದ ಹೂಡಬೇಕು. ನ್ಯಾಯಾಲಯಗಳು ನೋಡುವುದು ಎರಡು ವಿಷಯ. ವಸ್ತು ಎಷ್ಟು ಗಟ್ಟಿಯಾಗಿ ಅಂಟಿದೆ? ಯಾವ ಉದ್ದೇಶಕ್ಕೆ ಅಂಟಿಸಿದ್ದು? ಕಾನ್ಪುರದ ಗೊಬ್ಬರ ಕಾರ್ಖಾನೆಯೊಂದರ ಯಂತ್ರಗಳು ಸ್ಥಿರವೋ ಚರವೋ ಎಂಬ ಡಂಕನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಆಯಾ ಪ್ರಕರಣದ ಸಂಗತಿ ಮತ್ತು ಉದ್ದೇಶ ನೋಡಿಯೇ ತೀರ್ಮಾನಿಸಬೇಕು ಎಂದಿತು. ಕಾರ್ಖಾನೆಯವರು ಅಲ್ಲಿಯವರೆಗೂ ಹೋಗಬಲ್ಲರು. ಒಂದು ಮೋಟರಿಗಾಗಿ ನಾವು ಹೋಗಲಾರೆವು.

ಬೋರಿನ ಮೋಟರ್ ವಿಷಯವನ್ನೇ ತೆಗೆದುಕೊಳ್ಳಿ. ಮನೆಗೆ ನೀರು ಕೊಡಲೆಂದೇ ಇಳಿಸಿದ್ದು, ಆದ್ದರಿಂದ ಮನೆಯದ್ದು ಎಂಬುದು ನಮ್ಮ ವಾದ. ರಿಪೇರಿಗೆ ಬಂದಾಗಲೆಲ್ಲ ಎತ್ತಿ ಇಳಿಸುವುದೇ ಇದೆ, ಆದ್ದರಿಂದ ಅದು ಚರ ವಸ್ತು ಎಂಬುದು ಅವರದು. ಫ್ಯಾನಿನ ಕೊಕ್ಕೆ ಸೂರಿನದು, ಫ್ಯಾನು ಯಾರದು? ಗೋಡೆಗೆ ಸೇರಿಸಿ ಮಾಡಿಸಿದ ವಾರ್ಡ್‌ರೋಬ್ ಮನೆಯದ್ದು, ಪಕ್ಕದಲ್ಲಿ ನಿಂತ ಬೀರು ಅವರದು. ಇದರಲ್ಲಿ ತಕರಾರಿಲ್ಲ. ಆದರೆ ಯುಪಿಎಸ್‌ನ ವೈರಿಂಗ್ ಗೋಡೆಯೊಳಗೆ, ಬ್ಯಾಟರಿ ನೆಲದ ಮೇಲೆ. ಬಾಡಿಗೆಗೆ ಕೊಟ್ಟ ಮನೆಯಾದರೆ ಇನ್ನೊಂದು ಗಂಟು. ಬಾಡಿಗೆದಾರರು ತಾವು ಹಾಕಿಸಿದ್ದನ್ನು ಮನೆ ತಮ್ಮ ವಶದಲ್ಲಿರುವವರೆಗೆ ಬಿಚ್ಚಿಕೊಂಡು ಹೋಗಬಹುದೆಂದು ಅದೇ ಕಾಯ್ದೆಯ 108ನೇ ಕಲಂ ಹೇಳುತ್ತದೆ, ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಬಿಡಬೇಕು ಅಷ್ಟೆ. ಕೊಳ್ಳುವವರು ನೋಡಿ ಮೆಚ್ಚಿದ ಕಪಾಟು ಮಾರುವವರದ್ದೇ ಅಲ್ಲದಿರಬಹುದು.

ಸಕಲೇಶಪುರದ ಕಡೆ ಕೆಲಸ ಮಾಡುವ ನಮ್ಮ ಗೆಳೆಯರೊಬ್ಬರು ಹೇಳಿದ್ದು ಇನ್ನೂ ದೊಡ್ಡ ಕತೆ. ಹಳೆಯ ತೊಟ್ಟಿ ಮನೆ. ಕರಾರಾಗಿ ರಿಜಿಸ್ಟ್ರಿ ಆಗುವಷ್ಟರಲ್ಲಿ ಕೆತ್ತನೆಯ ಮುಂಬಾಗಿಲು ಮತ್ತು ಎರಡು ಕಂಬ ಬೆಂಗಳೂರಿನ ಹಳೆ ಸಾಮಾನಿನ ವ್ಯಾಪಾರಿಯ ಲಾರಿ ಹತ್ತಿದ್ದವು. ಜಾಗದಲ್ಲಿ ಹೊಸ ಫ್ಲಶ್ ಡೋರು, ಕಂಬದ ಬದಲು ಸಿಮೆಂಟ್ ಪಿಲ್ಲರ್. ಬಾಗಿಲಂತೂ ಕಲಂ 8ರಲ್ಲಿ ಹೆಸರು ಹಿಡಿದೇ ಇದೆ. ಆದರೂ ಕೊಂಡವರು ಕೋರ್ಟಿಗೆ ಹೋಗಲಿಲ್ಲ. ಕಾರಣ ಕೇಳಿದರೆ ತಲೆ ತಗ್ಗಿಸಿದರಂತೆ.

ಆ ಕಾರಣ ನಮಗೆಲ್ಲ ಗೊತ್ತಿರುವಂಥದ್ದೇ. ಬಾಯಲ್ಲಿ ಆಡಿದ ಬೆಲೆ ಒಂದು, ಪತ್ರದಲ್ಲಿ ಬರೆದ ಬೆಲೆ ಇನ್ನೊಂದು. ಮಾರ್ಗಸೂಚಿ ಬೆಲೆಗೆ ಹೊಂದಿಸಿ ಪತ್ರ ಮಾಡಿಸಿ ಉಳಿದದ್ದನ್ನು ನಗದಾಗಿ ಕೊಟ್ಟವರು ಯಾವ ಮುಖ ಹೊತ್ತು ನ್ಯಾಯಾಧೀಶರ ಮುಂದೆ ನಿಲ್ಲುತ್ತಾರೆ? ನಗದು ಕೊಡುವವರಿಗೆ ಕಾಗದದಲ್ಲಿ ಎಷ್ಟು ಕಡಿಮೆ ಬರೆದರೆ ಅಷ್ಟು ಕ್ಷೇಮ. ಫ್ಯಾನು, ಮೋಟರು ಬರೆಯದೆ ಉಳಿಯುವುದಕ್ಕೆ ಮರೆವಷ್ಟೇ ಕಾರಣವಲ್ಲ. ನಾಲ್ಕಾಣೆ ಮುದ್ರಾಂಕ ಶುಲ್ಕ ಉಳಿಸಲು ಹೋದವರು ಮುಂದೆ ಬಾಯಿ ತೆರೆಯುವ ಹಕ್ಕನ್ನೇ ಬಿಟ್ಟುಕೊಟ್ಟಿರುತ್ತಾರೆ.

ಬೆಂಗಳೂರಿನಲ್ಲಿ ಹೊಸ ಅಪಾರ್ಟ್‌ಮೆಂಟ್ ಕೊಳ್ಳುವವರಿಗೆ ಸ್ವಲ್ಪವಾದರೂ ಆಸರೆ ಇದೆ. 2016ರ ರೇರಾ ಕಾಯ್ದೆಯ 14ನೇ ಕಲಂ ಪ್ರಕಾರ ಒಪ್ಪಿದ ನಕ್ಷೆ, ವಿವರಣೆ, ಅಳವಡಿಕೆ, ಸೌಕರ್ಯಗಳನ್ನು ಕೊಳ್ಳುವವರ ಒಪ್ಪಿಗೆ ಇಲ್ಲದೆ ಬಿಲ್ಡರ್ ಬದಲಿಸುವಂತಿಲ್ಲ. ಯಾವ ನಲ್ಲಿ, ಯಾವ ಟೈಲ್ಸ್ ಎಂಬುದು ಕಾಗದದಲ್ಲಿ ಇರುತ್ತದೆ. ಆದರೆ ನಮ್ಮ ಊರುಗಳಲ್ಲಿ ಆಗುವುದು ಒಬ್ಬರು ಕಟ್ಟಿ ವಾಸವಿದ್ದ ಮನೆಯನ್ನು ಇನ್ನೊಬ್ಬರು ಕೊಳ್ಳುವ ವ್ಯವಹಾರ. ಅದಕ್ಕೆ ರೇರಾ ಇಲ್ಲ. ಇಲ್ಲಿ ಕೊಳ್ಳುವವರನ್ನು ಕಾಯುವುದು ಅವರೇ ಬರೆಸಿಕೊಂಡ ಕಾಗದ ಮಾತ್ರ.

ಹಾಗಾದರೆ ಬರೆಸಿಕೊಳ್ಳಬಹುದಲ್ಲ? ಇಲ್ಲೇ ನಮ್ಮ ಸಂಕೋಚ ಅಡ್ಡ ಬರುತ್ತದೆ. ಮನೆಯನ್ನೇ ಕೊಡುವವರ ಹತ್ತಿರ ಫ್ಯಾನಿನ ಲೆಕ್ಕ ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಭಾವನೆ. ಮಧ್ಯಸ್ಥಗಾರರು, "ಅಯ್ಯೋ ಅದೆಲ್ಲ ಬುಡಿ, ನಂಬಿಕೆ ಮೇಲೆ ನಡೆಯೋದು" ಎಂದು ಮಾತು ತೇಲಿಸುತ್ತಾರೆ. ಆದರೆ ಇದೇ ಊರಿನಲ್ಲಿ ಶಾಮಿಯಾನದ ಅಂಗಡಿಯಿಂದ ಪಾತ್ರೆ ತಂದರೆ ಸೌಟು, ಲೋಟ, ಬಕೆಟ್ಟು ಎಲ್ಲ ಎಣಿಸಿ ಬರೆಸಿಯೇ ತರುತ್ತೇವೆ, ಎಣಿಸಿಯೇ ವಾಪಸ್ ಕೊಡುತ್ತೇವೆ. ಒಂದು ಸೌಟು ಕಮ್ಮಿಯಾದರೆ ಹಣ ಹಿಡಿಯುತ್ತಾರೆ. ಅಲ್ಲಿ ಯಾರಿಗೂ ಅವಮಾನವಾಗುವುದಿಲ್ಲ. ಎರಡು ದಿನದ ಪಾತ್ರೆಗೆ ಇರುವ ಪಟ್ಟಿ ಜೀವಮಾನದ ಮನೆಗೆ ಯಾಕಿಲ್ಲ?

ನಮ್ಮ ಅಭಿಪ್ರಾಯ ಇಷ್ಟೇ. ಅಡ್ವಾನ್ಸ್ ಕೊಡುವ ಮೊದಲು ಕರಾರು ಪತ್ರಕ್ಕೆ ಒಂದು ಹಾಳೆ ಹೆಚ್ಚು ಸೇರಿಸಿ. ಅದರಲ್ಲಿ ಮೂರು ಮನೆ ಗೆರೆ ಹಾಕಿ: ಬಿಟ್ಟುಹೋಗುವ ವಸ್ತು, ತೆಗೆದುಕೊಂಡು ಹೋಗುವ ವಸ್ತು, ಬೇರೆ ಹಣ ಕೊಟ್ಟು ಉಳಿಸಿಕೊಳ್ಳುವ ವಸ್ತು. ಕೋಣೆ ಕೋಣೆಗೆ ಇಬ್ಬರೂ ಒಟ್ಟಿಗೆ ನಡೆದು ಬರೆಯಿರಿ. ಮೋಟರಾದರೆ ಎಷ್ಟು ಎಚ್‌ಪಿ, ಎಷ್ಟು ಅಡಿ ಪೈಪು, ಓಡುತ್ತಿದೆಯೋ ಇಲ್ಲವೋ ಬರೆಯಿರಿ. ಕರೆಂಟಿನ ಆರ್‌ಆರ್ ನಂಬರ್, ಮೀಟರಿನ ಠೇವಣಿ ಯಾರಿಗೆ ಸೇರುತ್ತದೆ, ನಲ್ಲಿ ಸಂಪರ್ಕದ ಬಾಕಿ ಎಷ್ಟು ಎಂಬುದೂ ಅಲ್ಲೇ ಬರಲಿ. ಹಿತ್ತಲಲ್ಲಿ ತೇಗವೋ ಸಿಲ್ವರ್ ಓಕೋ ಇದ್ದರೆ ಅದನ್ನೂ ಬಿಡಬೇಡಿ, ಮರಮುಟ್ಟಿಗೆ ಕಡಿಯುವ ಮರವನ್ನು ಕಾಯ್ದೆ ಸ್ಥಿರಾಸ್ತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಫೋನಿನಲ್ಲಿ ಎಲ್ಲದರ ವಿಡಿಯೋ ಮಾಡಿಟ್ಟುಕೊಳ್ಳಿ. ಹಾಳೆಗೆ ಇಬ್ಬರ ಸಹಿ, ಸಾಕ್ಷಿಗಳ ಸಹಿ. ರಿಜಿಸ್ಟ್ರಿಗೆ ಹೊರಡುವ ಬೆಳಿಗ್ಗೆ ಆ ಹಾಳೆ ಹಿಡಿದು ಇನ್ನೊಮ್ಮೆ ಮನೆ ಸುತ್ತಿ. ಸಾಧ್ಯವಾದರೆ ಹಣ ಮತ್ತು ಬೀಗದ ಕೈ ಅದೇ ದಿನ ಕೈ ಬದಲಾಗಲಿ. ನಾವು ಬಿಟ್ಟ ಮೂರು ವಾರ ಬಿಡಬೇಡಿ.

ಪತ್ರ ಬರಹಗಾರರಿಗೂ ಒಂದು ಮಾತು. ಅವರ ಕಂಪ್ಯೂಟರಿನಲ್ಲಿ ಕರಾರಿನ ಒಂದು ಮಾದರಿ ಇರುತ್ತದೆ, ಹೆಸರು ಚೆಕ್ಕುಬಂದಿ ಬದಲಿಸಿ ಪ್ರಿಂಟ್ ತೆಗೆಯುತ್ತಾರೆ. ಆ ಮಾದರಿಯ ಕೊನೆಗೆ ಈ ಮೂರು ಮನೆಯ ಖಾಲಿ ಪಟ್ಟಿ ಸೇರಿಸಿಟ್ಟರೆ ಸಾಕು. ಪಟ್ಟಿ ಎದುರಿಗೇ ಇದ್ದಾಗ ಕೇಳುವ ಸಂಕೋಚ ಯಾರಿಗೂ ಇರುವುದಿಲ್ಲ.

ಇದು ಕೊಳ್ಳುವವರ ಪರವಾದ ಮಾತು ಮಾತ್ರ ಎಂದು ತಿಳಿಯಬೇಡಿ. ನಮ್ಮಿಂದಲೂ ಒಂದು ತಪ್ಪಾಗಿದೆ.

ನಾವು ಹೊಸ ಮೋಟರ್ ಇಳಿಸಿದ ತಿಂಗಳಿಗೆ ಮಾರಿದವರ ತಾಯಿ ಮನೆಗೆ ಬಂದರು. ಹಿಂದಿನ ಪಡಸಾಲೆಯ ನೆಲದಲ್ಲಿ ಒಂದು ರುಬ್ಬುವ ಒರಳು ಹೂತಿದೆ. "ಅಕ್ಕಾ, ನಮ್ಮತ್ತೆ ಕಾಲದ್ದು ಅದು. ಗುಂಡು ತಗಂಡೋಗಿವ್ನಿ, ಒರಳು ಅಗೆಸಕ್ಕೆ ಆವತ್ತು ಆಳು ಸಿಗಲಿಲ್ಲ. ಕೊಟ್ಬುಡಿ" ಎಂದು ಅವ್ವನನ್ನು ಕೇಳಿದರು. ಅವ್ವ ನಮ್ಮ ಮುಖ ನೋಡಿದಳು. ಮೋಟರಿನ ಸಿಟ್ಟು ಇನ್ನೂ ಆರಿರಲಿಲ್ಲ. ನೆಲದಲ್ಲಿ ಹೂತದ್ದು ಮನೆ ಕೊಂಡವರಿಗೆ ಸೇರುತ್ತದೆ ಎಂದು, ಅಷ್ಟರಲ್ಲಿ ಕಲಿತಿದ್ದ ಕಾನೂನನ್ನೇ ಆ ಹೆಂಗಸಿನ ಮುಂದೆ ಹೇಳಿದೆವು. ಅವರು ಕೊಟ್ಟ ನೀರು ಕುಡಿದು ಎದ್ದು ಹೋದರು.

ಕಾನೂನಿನ ಪ್ರಕಾರ ನಾವು ಹೇಳಿದ್ದು ಸರಿ. ಆದರೆ ನಮಗೆ ಆ ಒರಳಿನಿಂದ ಆಗಬೇಕಾದ್ದೇನೂ ಇಲ್ಲ, ನಮ್ಮ ಮನೆಯಲ್ಲಿ ರುಬ್ಬುವುದು ಗ್ರೈಂಡರು. ಮೊದಲೇ ಒಂದು ಪಟ್ಟಿ ಇದ್ದಿದ್ದರೆ ಮೋಟರ್ ಬಿಟ್ಟುಹೋಗುವ ಮನೆಯಲ್ಲಿ, ಒರಳು ತೆಗೆದುಕೊಂಡು ಹೋಗುವ ಮನೆಯಲ್ಲಿ ಇರುತ್ತಿತ್ತು. ಕೇಳಿದ್ದರೆ ನಾವೇ ಆಳು ಕರೆಸಿ ಅಗೆಸಿಕೊಡುತ್ತಿದ್ದೆವು. ಯುಗಾದಿ ಹೊತ್ತಿಗೆ ಅವ್ವನ ಒತ್ತಾಯಕ್ಕೆ ಹೇಳಿಕಳಿಸಿದೆವು, ಬಂದು ತೆಗೆದುಕೊಂಡು ಹೋಗಿ ಎಂದು. ಬೇಡ ಅಂದರಂತೆ.

ಒರಳು ನಮ್ಮ ಪಡಸಾಲೆಯಲ್ಲಿದೆ, ಗುಂಡು ಅವರ ಮನೆಯಲ್ಲಿದೆ. ಎರಡೂ ಕಡೆ ಯಾರೂ ಏನೂ ರುಬ್ಬುತ್ತಿಲ್ಲ.